ಕಾಟಪ್ಪನ ಸಾಲು

"ಏಯ್ ಕೋಜಾ! ಆ ಸಾಲ್ನಾಗೆ ಯಾಕಲೇ ನಿಂತಿ? ಬಾರಲೇ ಇತ್ಲಾಗೆ, ಗಂಡಸ್ರ ಸಾಲಿಗೆ!"

ಎಣ್ಣೆ ಮಿಲ್ಲಿನ ಗೇಟಿನಲ್ಲಿ ಕಾವಲುಗಾರ ಕಾಟಪ್ಪ ಕೂಗಿದ. ಹೆಂಗಸರ ಸಾಲಿನ ಕೊನೆಗೆ ನಿಂತಿದ್ದ ಸೂರಮ್ಮ ಸೆರಗು ಬಿಗಿಯಾಗಿ ಹೊದ್ದುಕೊಂಡು ಆ ಕಡೆ ನಡೆದಳು. ಹಮಾಲರು ಹಲ್ಲು ಕಿರಿದರು. ಕಾಟಪ್ಪ ತಂಬಾಕಿನ ಎಂಜಲು ಉಗಿದು, ಸುಣ್ಣ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಅವಳ ಕುಬಸದೊಳಕ್ಕೆ ತೂರಿಸಿದ.

"ಇದೇನಲೇ, ಬಟ್ಟೆ ಉಂಡೇನೋ ಧಣಿಗಳ ಶೇಂಗಾನೋ?"

ಸೂರಮ್ಮ ಕಣ್ಣು ಮುಚ್ಚಿ ನಿಂತಿದ್ದಳು. ಇತ್ತ ಗೋಣಿತಟ್ಟಿನ ಮರೆಯಲ್ಲಿ ಹೆಂಗಸರ ಮಡಿಲು ತಡವಿ ಬಿಡುತ್ತಿದ್ದ ಯರ್ರಮ್ಮ ಅದನ್ನು ಕಂಡಳು. ಗೋಡೆ ಹಿಡಿದುಕೊಂಡು ಮಿಲ್ಲಿನ ಹಿಂದೆ ಹೋಗಿ, ಮಧ್ಯಾಹ್ನ ಉಂಡ ಮುದ್ದೆಯನ್ನೆಲ್ಲ ಹೊಟ್ಟಿನ ಗುಡ್ಡೆಯ ಮೇಲೆ ಕಕ್ಕಿಬಿಟ್ಟಳು.

ಕಾಟಪ್ಪನ ಆ ಕೈ ಅವಳಿಗೆ ಹೊಸದಲ್ಲ. ಚಳ್ಳಕೆರೆಯ ಈ ಮಿಲ್ಲಿನಲ್ಲಿ ಅರವತ್ತು ಹೆಂಗಸರು ಬೆಳಗಿಂದ ಬೈಗಿನ ತನಕ ಕೂತು ಶೇಂಗಾ ಬೀಜ ಆರಿಸುತ್ತಾರೆ. ಬೈಗಿಗೆ ಮನೆಗೆ ಹೊರಟರೆ ಗೇಟಿನಲ್ಲಿ ತಪಾಸಣೆ. ಯಾವಳಾದರೂ ಮಕ್ಕಳಿಗೆಂದು ಒಂದು ಹಿಡಿ ಬೀಜ ಕಟ್ಟಿಕೊಂಡು ಹೋದರೆ ಮುರುಗೇಂದ್ರಪ್ಪ ಸಾವ್ಕಾರರು ಮುಳುಗಿಹೋಗುತ್ತಾರಲ್ಲ! ಆರು ವರ್ಷ ಎಲ್ಲರನ್ನೂ ತಡವಿದವನು ಇದೇ ಕಾಟಪ್ಪ. ನನ್ನಿವಾಳದ ಬಡ ವಿಧವೆ ಯರ್ರಮ್ಮ ಮನೆಗೆ ಹೋಗಿ ಸೀಗೆಪುಡಿ ಹಾಕಿ ಎಷ್ಟು ತಿಕ್ಕಿಕೊಂಡರೂ ಆ ತಂಬಾಕಿನ ನಾತ ಮೈ ಬಿಡುತ್ತಿರಲಿಲ್ಲ.

ಹೋದ ತಿಂಗಳು ಕಾರ್ಮಿಕ ಇಲಾಖೆಗೆ ಅರ್ಜಿ ಹೋಯಿತು. ಹೆಂಗಸರ ಮೈಯನ್ನು ಹೆಂಗಸರೇ ಮುಟ್ಟಬೇಕು, ಗಂಡಸು ಮುಟ್ಟಕೂಡದು. ಬರೆದವಳು ಸೂರಮ್ಮ. ರಾಂಪುರದ ಕಡೆಯವಳು, ಏಳನೇ ಕ್ಲಾಸು ಓದಿದವಳು. ಸೂರಯ್ಯ ಅಂತ ಹೆಸರಿಟ್ಟು ಸಾಕಿದ ಮಗ ಸೀರೆ ಉಟ್ಟ ದಿನವೇ ಮನೆಯವರು ಹೊಡೆದು ಹೊರಗಟ್ಟಿದ್ದರು. ಅದಾಗಿ ಹನ್ನೆರಡು ವರ್ಷ. ಮಿಲ್ಲಿನ ಹೆಂಗಸರಿಗೆ ಅವಳು ಸೂರಮ್ಮನೇ. ಜಾಲಿಗಿಡದ ಮರೆಗೆ ಅವರು ಹೋದಾಗ ಹಮಾಲರು ಇಣುಕದಂತೆ ಕಲ್ಲು ಹಿಡಿದು ಕಾವಲು ನಿಲ್ಲುತ್ತಿದ್ದವಳೂ ಅವಳೇ.

ಅರ್ಜಿ ನೋಡಿ ಸಾಹೇಬರು ಬಂದರು, ಆರ್ಡರು ಮಾಡಿದರು. ಮುರುಗೇಂದ್ರಪ್ಪ ಕೈ ಮುಗಿದು ಒಪ್ಪಿಕೊಂಡು ಯರ್ರಮ್ಮನನ್ನೇ ಹೆಂಗಸರ ತಪಾಸಣೆಗೆ ಹಾಕಿದ. ಮರುದಿನ ಸೂರಮ್ಮನ ರೇಷನ್ ಕಾರ್ಡು ತರಿಸಿದ.

"ಸೂರಯ್ಯ, ಗಂಡು. ಸರ್ಕಾರದ ಸೀಲೇ ಐತೆ. ಯರ್ರಮ್ಮ, ಇವನ ಮೈ ತಡವಾಕೆ ನಿಂಗೆ ಮನಸೈತಾ?"

ಯರ್ರಮ್ಮ ಬೆವತುಹೋದಳು. ಗಂಡ ಸತ್ತ ಮೇಲೆ ಆ ಥರದ ಮೈ ಅವಳು ಮುಟ್ಟಿರಲಿಲ್ಲ. "ಇಲ್ರಿ," ಅಂದುಬಿಟ್ಟಳು.

"ಕೇಳಿದ್ರೇನ್ರೇ? ನೀವೇ ಬರೆದಿದ್ದು ಕಾನೂನು. ನಿಮ್ಮ ಮಾನ ಕಾಯೋದು ನನ್ನ ಧರ್ಮ. ಇವನು ಕಾಟಪ್ಪನ ಸಾಲಿಗೆ."

ಥೂ! ಮಾನ ಕಾಯುವ ಧರ್ಮವಂತೆ! ಆರು ವರ್ಷ ಎಲ್ಲಿ ಸತ್ತಿತ್ತೋ ಆ ಧರ್ಮ.

ಕಕ್ಕಿದ ಮರುದಿನ, ಬುತ್ತಿ ಬಿಚ್ಚುವ ಹೊತ್ತಿಗೆ ಯರ್ರಮ್ಮ ಬೇವಿನ ಬುಡದಲ್ಲಿ ಒಬ್ಬಳೇ ಕೂತಿದ್ದ ಸೂರಮ್ಮನ ಹತ್ತಿರ ಹೋದಳು.

"ಸೂರಿ, ಸುಳ್ಳು ಹೇಳಾಕೆ ಬರಲ್ಲ ಕಣೆ. ನಿನ್ನ ಮೈ ತಡವಾಕೆ ಈಗ್ಲೂ ನಂಗೆ ಕೈ ಬರಲ್ಲ."

ಸೂರಮ್ಮ ರೊಟ್ಟಿ ಮುರಿಯುತ್ತಾ ಅಂದಳು, "ಬ್ಯಾಡಕ್ಕಾ. ಯಾರು ನಿನ್ನ ಬಲವಂತ ಮಾಡಿದ್ರು? ನಿಂಗೆ ಮುಟ್ಟಾಕೆ ಮನಸಿಲ್ಲ. ನಂಗೆ ಅವನ ಕೈಲಿ ಮುಟ್ಟಿಸ್ಕಣಾಕೆ ಮನಸಿಲ್ಲ. ನಿನ್ನ ಮಾತು ಸಾವ್ಕಾರ ಕೇಳಿದ. ನನ್ನ ಮಾತು ಯಾರು ಕೇಳ್ತಾರೆ, ಹೇಳು?"

ತುಸು ಆಚೆ ಉಣ್ಣುತ್ತಿದ್ದ ಮುದುಕಿ ಲಕ್ಷ್ಮಕ್ಕ ಬೆರಳು ನೆಕ್ಕಿ ಎದ್ದಳು.

"ಅಯ್ಯ, ನಾನು ತಡವ್ತೀನಿ ಬಿಡ್ರೇ. ಹಾಸಿಗೆ ಹಿಡಿದ ಮಾವನ ಉಚ್ಚೆ ಬಳಿದೋಳು ನಾನು. ನಂಗ್ಯಾತರ ನಾಚ್ಕೆ?"

ಮೂವರೂ ಮಿಲ್ಲಿನ ಆಫೀಸಿಗೆ ಹೋದರು. ಮುರುಗೇಂದ್ರಪ್ಪ ವಿಭೂತಿ ಬಳಿದ ಹಣೆಯನ್ನು ಲೆಡ್ಜರಿನಿಂದ ಮೇಲೆತ್ತಲಿಲ್ಲ.

"ಕಾನೂನು ಒಪ್ಪಲ್ಲ."

"ನಾನೇ ಒಪ್ಪೀನಲ್ರಿ ಧಣೀ!" ಅಂದಳು ಲಕ್ಷ್ಮಕ್ಕ.

"ಲೇ ಮುದುಕಿ, ಅರ್ಜಿ ಬರೆದು ನನ್ನ ಗೇಟಿಗೆ ಸಾಹೇಬನ್ನ ಕರೆಸಿದ ಕೈ ಇವನದು. ದಿನಾ ಬೈಗಿಗೆ ಅದಕ್ಕೆ ನೆನಪಾಗ್ಬೇಕು. ನಡೀರಿ ಆಚೆ."

ಇಷ್ಟು ದಿನ ತನ್ನ ನಾಚಿಕೆಯನ್ನೇ ನೆಪ ಮಾಡಿ ಈ ಬೋಳಿಮಗ ಸಾವ್ಕಾರ ಸೂರಮ್ಮನನ್ನು ಕಾಟಪ್ಪನ ಕೈಗೆ ಕೊಟ್ಟಿದ್ದ ಅಂತ ಯರ್ರಮ್ಮನಿಗೆ ಆಗ ಹೊಳೆಯಿತು. ಅವನ ಮೇಲೆ ಬಂದ ಅಸಹ್ಯಕ್ಕಿಂತ ತನ್ನ ಮೇಲೆ ಬಂದದ್ದೇ ಹೆಚ್ಚಾಯಿತು.

ಶುಕ್ರವಾರ ಬೈಗಿಗೆ ಸಾಹೇಬರು ಮತ್ತೆ ಬಂದರು, ಆರ್ಡರು ಜಾರಿಯಾಗಿದೆಯೋ ನೋಡಲು. ಮುರುಗೇಂದ್ರಪ್ಪ ಕುರ್ಚಿ ಹಾಕಿಸಿ ಎಳನೀರು ಕೊಡಿಸಿದ. "ನೋಡ್ರಿ ಸರ್. ಹೆಂಗಸರಿಗೆ ಬೇರೆ ಸಾಲು, ಹೆಂಗಸೇ ತಪಾಸಣೆ. ಒಬ್ಬ ಗಂಡಸು ಒಬ್ಬ ಹೆಂಗಸಿನ ಸೆರಗಿನ ತುದಿ ಮುಟ್ಟಿದ್ರೂ ಅವತ್ತೇ ಕೆಲಸದಿಂದ ಕಿತ್ತಾಕ್ತೀನಿ."

ಸಾಹೇಬರು ತಲೆಯಾಡಿಸಿ ಬರೆದುಕೊಂಡರು. ಕಾಟಪ್ಪನ ಮುಂದೆ ಸೂರಮ್ಮ ಬಂದು ನಿಂತಿದ್ದಳು.

ಯರ್ರಮ್ಮ ಗೋಣಿತಟ್ಟಿನಿಂದ ಹೊರಗೆ ಬಂದಳು. ಆರಿಸಿಟ್ಟ ಬೀಜದ ರಾಶಿಗೆ ಹೋಗಿ ಮೊರ ತುಂಬಿಕೊಂಡು, ಎಲ್ಲರ ಕಣ್ಣೆದುರೇ ಮಡಿಲಿಗೆ ಸುರಿದುಕೊಂಡು ಗಂಟು ಹಾಕಿದಳು. ನೇರ ನಡೆದು ಬಂದು ಸೂರಮ್ಮನಿಗೂ ಕಾಟಪ್ಪನಿಗೂ ನಡುವೆ ನಿಂತಳು.

"ಕಾಟಪ್ಪ, ನಿನ್ನ ಧಣಿ ಬೀಜ ಎರಡು ಸೇರು ನನ್ನ ಮಡ್ಲಾಗೈತೆ. ತೆಗಿಯೋ."

"ಏ ಯರ್ರಮ್ಮ! ತಲೆ ಕೆಟ್ಟೈತಾ? ಆ ಸಾಲಿಗೋಗು!" ಮುರುಗೇಂದ್ರಪ್ಪ ಎದ್ದು ನಿಂತ.

"ಆ ಸಾಲ್ನಾಗೆ ಹುಡುಕೋಳು ನಾನೇ ಅಲ್ರೇನ್ರಿ? ನನ್ನ ಹುಡುಕೋರ್ನ ನೀವು ಇಟ್ಟೇ ಇಲ್ಲ. ಕಾಟಪ್ಪನೇ ಹುಡುಕ್ಲಿ. ಆರು ವರ್ಷದ ಅಭ್ಯಾಸ ಅವನಿಗೆ, ಕತ್ಲಾಗೂ ಕೈ ತಪ್ಪಲ್ಲ. ಏನಲೇ, ಸಾಹೇಬ್ರ ಮುಂದೆ ನಾಚ್ಕೇನಾ? ಹಾಕಲೇ ಕೈಯ!"

ಕಾಟಪ್ಪನ ಕೈ ಮೇಲೆದ್ದದ್ದು ಅಲ್ಲೇ ನಿಂತಿತು. ಅವನು ಧಣಿಯ ಮುಖ ನೋಡಿದ. ಧಣಿ ಸಾಹೇಬರ ಮುಖ ನೋಡಿದ.

"ಮುಟ್ಟಬ್ಯಾಡಲೇ!" ಅಂದ ಮುರುಗೇಂದ್ರಪ್ಪ, ಹಲ್ಲು ಕಚ್ಚಿ.

ಹಿಂದೆ ರಾಶಿಗೆ ಮೊರ ತೂರಿದ ಸದ್ದಾಯಿತು. ಲಕ್ಷ್ಮಕ್ಕ ಮಡಿಲು ತುಂಬಿಕೊಂಡು, ನಿಧಾನಕ್ಕೆ ಬಂದು ಸೂರಮ್ಮನ ಬೆನ್ನಿಗೆ ನಿಂತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಹೆಂಗಸರ ಸಾಲು ಕರಗಿ ಕಾಟಪ್ಪನ ಸಾಲು ರಾಶಿಯ ತನಕ ಬೆಳೆಯಿತು. ಹಮಾಲರು ಪಕ್ಕಕ್ಕೆ ಸರಿದರು.

"ನಾಳೆಯಿಂದ ನಿಂಗೆ ಕೆಲಸ ಇಲ್ಲ ಕಣೇ, ರಂಡೆ!" ಮುರುಗೇಂದ್ರಪ್ಪ ಯರ್ರಮ್ಮನ ಮೇಲೆ ಕಿರುಚಿದ.

"ಇಲ್ಲದಿದ್ರೆ ಬಿಡ್ರಿ," ಅಂದಳು ಯರ್ರಮ್ಮ. ನಾಳೆ ಏನು ಉಣ್ಣಬೇಕೋ ಅವಳಿಗೆ ಗೊತ್ತಿರಲಿಲ್ಲ.

ಸೂರಮ್ಮ ಹಿಂದಿನಿಂದ ಕೈ ಚಾಚಿ, ಯರ್ರಮ್ಮನ ಮಡಿಲಿಗೆ ತಾಗದ ಹಾಗೆ, ಗಂಟಿನಿಂದ ಸೋರುತ್ತಿದ್ದ ಬೀಜ ನಾಲ್ಕು ಹಿಡಿದುಕೊಂಡಳು. ಬಾಯಿಗೆ ಹಾಕಿಕೊಂಡು ಕಟಕಟ ಅಗಿದಳು. ಕೆಂಪು ಸಿಪ್ಪೆಯನ್ನು ಕಾಟಪ್ಪನ ಕಾಲ ಮೇಲೆ ಉಗಿದಳು.

ಆ ಸುಣ್ಣದ ಕೈ ಇನ್ನೂ ಗಾಳಿಯಲ್ಲೇ ಇತ್ತು.