ಮಡಚಿಟ್ಟ ಎಡಗನ್ನಡಿ

ನಾನು ಒಂದು ಕಾರಿನ ಎಡಗನ್ನಡಿ. ಮುಂದಿನ ಬಾಗಿಲಿಗೆ ಕಿವಿಯಂತೆ ಅಂಟಿಕೊಂಡಿರುತ್ತದಲ್ಲ, ಅದೇ. ಬಲಗನ್ನಡಿಯನ್ನು ಎಲ್ಲರೂ ಬಲ್ಲಿರಿ. ಒಳಗಿನ ನಡುಗನ್ನಡಿಯನ್ನಂತೂ ಮೀಸೆ ತೀಡಲಿಕ್ಕೆ, ಕ್ರಾಪು ಸರಿಮಾಡಿಕೊಳ್ಳಲಿಕ್ಕೆ ದಿನಾ ನೋಡುತ್ತೀರಿ. ನನ್ನನ್ನು ಯಾರು ಕೇಳುತ್ತಾರೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಗಾದೆ ಕಟ್ಟಿಟ್ಟವರು ನೀವು. ಬೇಡ ಸ್ವಾಮಿ, ಅಂಗೈಗೆ ಬೇಡ. ಎಡಗಡೆಯಿಂದ ಬರುವ ಸ್ಕೂಟರಿಗೆ ಬೇಕು. ಇದನ್ನು ಹೇಳಬೇಕೆಂದು ಬಹಳ ದಿನದಿಂದ ಹಲ್ಲು ಕಚ್ಚಿಕೊಂಡಿದ್ದೇನೆ.

ನಾನು ಹುಟ್ಟಿದ್ದು ಪುಣೆ ಕಡೆಯ ಒಂದು ಕಾರ್ಖಾನೆಯಲ್ಲಿ. ನನ್ನ ಗಾಜನ್ನು ಬೇಕೆಂದೇ ತುಸು ಉಬ್ಬಿಸಿದ್ದಾರೆ, ಹೆಚ್ಚು ಜಾಗ ಕಾಣಲಿ ಎಂದು. ತಪಾಸಣೆ ಮಾಡುವ ಹೆಣ್ಣುಮಗಳು ನನ್ನನ್ನು ಎತ್ತಿ ಹಿಡಿದಾಗ ಆಕೆಯ ಬೆನ್ನ ಹಿಂದಿನ ಇಡೀ ಷೆಡ್ಡು ನನ್ನೊಳಗೆ ಬಂದು ಕೂತಿತು. ದೀಪಗಳು, ಸಾಲು ಯಂತ್ರಗಳು, ಚಹಾದ ಗಾಡಿ, ಅದರ ಹಿಂದೆ ಆಕಳಿಸುತ್ತಿದ್ದ ಒಬ್ಬ ಮೇಸ್ತ್ರಿ. ಅಬ್ಬಾ, ನಾನೆಷ್ಟು ಉಪಯೋಗದವನು ಎಂದು ಹಿಗ್ಗಿದೆ. ಬುಡದಲ್ಲಿ ಒಂದು ಸ್ಪ್ರಿಂಗ್ ಇಟ್ಟರು. ಏನಾದರೂ ತಾಗಿದರೆ ಮುರಿಯದೆ ಮಡಚಿಕೊಳ್ಳಲಿ ಎಂಬುದು ಅವರ ಒಳ್ಳೆಯ ಮನಸ್ಸು. ಆ ಸ್ಪ್ರಿಂಗೇ ನನ್ನ ಹಣೆಬರಹ ಕೆಡಿಸಿತು.

ಹುಬ್ಬಳ್ಳಿಯ ಷೋರೂಮಿನಲ್ಲಿ ನಮ್ಮ ಕಾರನ್ನು ಕೊಂಡವರು ಗುರುಶಾಂತಪ್ಪ ಕುಬಸದ. ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟವರು. ಪೂಜೆ ಆಯಿತು, ಕಾಯಿ ಒಡೆದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಗುರುಶಾಂತಪ್ಪ ಠೀವಿಯಿಂದ ಒಳಗೆ ಕೂತರು. ಏನೋ ನೆನಪಾದವರಂತೆ ಮತ್ತೆ ಇಳಿದು, ಸುತ್ತು ಹಾಕಿಕೊಂಡು ನನ್ನ ಹತ್ತಿರ ಬಂದರು. ಮುದ್ದು ಮಾಡಲಿಕ್ಕೆ ಬಂದರು ಎಂದುಕೊಂಡೆ. ಟಕ್ಕನೆ ಮಡಚಿಬಿಟ್ಟರು! ಹೀಗೆ ಚಾಚಿಕೊಂಡು ನಿಂತರೆ ನಮ್ಮ ಓಣಿಯ ಆಟೋದವರು ಕಿತ್ತುಕೊಂಡೇ ಹೋಗುತ್ತಾರೆ, ಹೊಸ ಗಾಡಿಗೆ ಗೀರು ಬೀಳಬಾರದು ಎಂದರು. ಷೋರೂಮಿನ ಹುಡುಗ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದ. ಹೊಸ ಚಪ್ಪಲಿ ಸವೆದೀತೆಂದು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ಮುಳ್ಳು ತುಳಿಯುವವರನ್ನು ನೀವು ಜಾಣರೆನ್ನುತ್ತೀರಾ? ಇವರನ್ನು ಮಾತ್ರ ಇಡೀ ಓಣಿ ಜಾಣರೆನ್ನುತ್ತಿತ್ತು.

ಅನುಭವಸ್ಥ ಚಾಲಕರಂತೆ! ಕಾರಿನಲ್ಲಿ ಯಾರೇ ಕೂತರೂ ಅವರಿಗೆ ಗುರುಶಾಂತಪ್ಪನವರ ಪಾಠ ಕಟ್ಟಿಟ್ಟ ಬುತ್ತಿ. ಸರ್ಕಲ್ಲಿನಲ್ಲಿ ನೇರ ಹೋಗುವುದಿದ್ದರೆ ನಾಲ್ಕೂ ದೀಪ ಒಟ್ಟಿಗೆ ಮಿಣುಕಿಸಬೇಕಂತೆ. ನಾಲ್ಕೂ ಮಿಣುಕಿದರೆ ಗಾಡಿ ಕೆಟ್ಟು ನಿಂತಿದೆ, ದೂರ ಸರಿಯಿರಿ ಎಂದರ್ಥ ಮಾರಾಯರೇ! ಇಳಿಜಾರು ಬಂದರೆ ನ್ಯೂಟ್ರಲ್‌ಗೆ ಹಾಕಿದರೆ ಎಣ್ಣೆ ಉಳಿಯುತ್ತದಂತೆ. ಎಂಜಿನ್ನಿನ ಹಿಡಿತ ತಪ್ಪಿದ ಮೇಲೆ ಬ್ರೇಕು ಒಂದೇ ಒದ್ದಾಡಿ ಕಾದು ವಾಸನೆ ಬರುತ್ತಿತ್ತು. ಇವರು ಅದನ್ನು ಹೊರಗಿನ ಗಿರಣಿಯ ವಾಸನೆ ಎನ್ನುತ್ತಿದ್ದರು. ಕ್ಲಚ್ಚಿನ ಮೇಲೆ ಎಡಗಾಲನ್ನು ಇಡೀ ದಿನ ಮಣೆಯ ಮೇಲಿಟ್ಟಂತೆ ಇಟ್ಟಿರುತ್ತಿದ್ದರು. ಇಂಡಿಕೇಟರ್ ಹಾಕುವ ಮಾತೇ ಇಲ್ಲ. ತಿರುಗುವವರು ನಾವು, ಊರ ಮಂದಿಗೆಲ್ಲ ಯಾಕೆ ಹೇಳಬೇಕು ಎಂಬುದು ಅವರ ವಾದ.

ಎಡಗಡೆಯನ್ನು ಅವರು ನೋಡದೇ ಇರುವುದಕ್ಕೆ ಒಂದು ಹಿಂದಿನ ಕಥೆಯಿದೆ. ಹರೆಯದಲ್ಲಿ ಅವರು ಸಂತೆಸಂತೆಗೆ ಪಾತ್ರೆ ಸಾಗಿಸುವ ಮ್ಯಾಟಡೋರ್ ಓಡಿಸುತ್ತಿದ್ದರು. ಅದರಲ್ಲಿ ಫಕ್ಕೀರಪ್ಪ ಎಂಬ ಕ್ಲೀನರ್ ಇದ್ದನಂತೆ. ಎಡಬಾಗಿಲಿಗೆ ಜೋತುಬಿದ್ದು ತಗಡು ಬಡಿಯುವುದು ಅವನ ಕೆಲಸ. ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು. ಹೀಗಾಗಿ ಎಡ ಅಂದರೆ ಕ್ಲೀನರನದು, ಬಲ ಅಂದರೆ ಡ್ರೈವರನದು ಎಂದು ಇವರ ತಲೆಯಲ್ಲಿ ಅಚ್ಚಾಗಿತ್ತು. ಮ್ಯಾಟಡೋರ್ ಹೋಯಿತು, ಫಕ್ಕೀರಪ್ಪನೂ ತನ್ನ ಊರು ಸೇರಿದ. ಕಾರು ಬಂದ ಮೇಲೆ ಆ ಕೆಲಸ ಯಾರ ಪಾಲಿಗೆ ಬಂತು ಹೇಳಿ? ಹೆಂಡತಿ ಕಸ್ತೂರೆವ್ವನ ಪಾಲಿಗೆ.

ಪಾಪ, ಎಡಗಡೆಯ ಸೀಟಿನಲ್ಲಿ ಕೂತ ಆ ತಾಯಿ ಒಂದು ದಿನವೂ ನೆಮ್ಮದಿಯಾಗಿ ಹೊರಗಿನ ಗಾಳಿ ತೆಗೆದುಕೊಳ್ಳಲಿಲ್ಲ. ಎಡಕ್ಕ ನೋಡು, ಎಡಕ್ಕ ನೋಡು ಎಂದು ಗಂಡ ಗದರುತ್ತಿದ್ದರು. ಆಕೆ ಕಿಟಕಿಯಿಂದ ಕತ್ತು ಚಾಚಿ, ಬರ್ರಿ, ಬರ್ರಿ, ತಡೀರಿ ಎನ್ನುತ್ತಿದ್ದಳು. ಒಮ್ಮೆ ತಡೀರಿ ಎನ್ನುವುದು ತಡವಾಗಿ ಬಾಗಿಲು ಗಟಾರದ ಕಲ್ಲಿಗೆ ಉಜ್ಜಿದ್ದಕ್ಕೆ ವಾರಗಟ್ಟಲೆ ಬೈಸಿಕೊಂಡಳು. ಆ ಕೆಲಸಕ್ಕೆಂದೇ ಹುಟ್ಟಿದ ನಾನು ಆಕೆಯ ಮೊಳಕೈ ಪಕ್ಕದಲ್ಲೇ ಮುಖ ಒಳಗೆ ಮಾಡಿಕೊಂಡು ಬಿದ್ದಿದ್ದೆ. ನಾನು ಕಂಡ ಜಗತ್ತು ಎಂದರೆ ಆಕೆಯ ಎಡಗೆನ್ನೆ, ಕಿವಿಯ ಬೆಂಡೋಲೆ, ಸೆಕೆಗೆ ಇಳಿಯುವ ಬೆವರು. ಇಷ್ಟೇ.

ಕಸ್ತೂರೆವ್ವ ಜೋಳದ ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ. ಮೊದಲು ನೆರೆಮನೆಯವರಿಗೆ ಮಾಡಿಕೊಟ್ಟಳು. ಆಮೇಲೆ ಹಾಸ್ಟೆಲಿನವರು, ನೌಕರಿ ಮಾಡುವ ಹೆಣ್ಣುಮಕ್ಕಳು ಕೇಳತೊಡಗಿದರು. ಬಿಸಿರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ತುಂಬಿ, ಕಾರಿನಲ್ಲಿ ಮುಟ್ಟಿಸಲಿಕ್ಕೆ ಗಂಡನ ದಾರಿ ಕಾಯುತ್ತ ಕೂಡುತ್ತಿದ್ದಳು. ಗಂಡ ಅಂಗಡಿ ಬಿಟ್ಟು ಬರುವಷ್ಟರಲ್ಲಿ ರೊಟ್ಟಿ ಆರಿ ಬಿಗಿಯುತ್ತಿದ್ದವು. ಕೊನೆಗೆ ತಂಗಿಯ ಮಗಳಿಂದ ಶಾಲೆಯ ಮೈದಾನದಲ್ಲಿ ಸ್ಕೂಟರ್ ಕಲಿತು, ಒಂದು ಸ್ಕೂಟರನ್ನೇ ಮನೆಗೆ ತಂದಳು. ಈ ವಯಸ್ಸಿನಲ್ಲಿ ಇದೇನು ಸೋಗು ಎಂದು ಗುರುಶಾಂತಪ್ಪ ನಕ್ಕರು. ಆಕೆ ನಿರಿಗೆ ಎತ್ತಿ ಸಿಕ್ಕಿಸಿ, ಡಬ್ಬಿಗಳನ್ನು ಕಾಲ ಹತ್ತಿರ ಇಟ್ಟುಕೊಂಡು ಹೊರಟಳು. ಗಾಡಿಯ ಎರಡೂ ಕನ್ನಡಿ ಕಿವಿ ನಿಮಿರಿಸಿ ನಿಂತಿದ್ದವು, ಎರಡನ್ನೂ ನೋಡುತ್ತ ಹೋಗುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆಕೆಯ ಮುಖದಲ್ಲಿ ಅಂಥ ಗೆಲುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಿಸಿರೊಟ್ಟಿ ಬಿಸಿಯಾಗಿಯೇ ಮುಟ್ಟತೊಡಗಿದವು. ಕಾರಿನ ಎಡಗಡೆಯ ಸೀಟು ಮಾತ್ರ ಖಾಲಿಯಾಯಿತು.

ಇದರಿಂದ ಏನಾಗಬಹುದು ಎಂದು ನನಗೆ ಮೊದಲೇ ಗೊತ್ತಿತ್ತು. ಹೇಳೋಣವೆಂದರೆ ಬಾಯಿಲ್ಲ.

ಒಂದು ಮಧ್ಯಾಹ್ನ ಗುರುಶಾಂತಪ್ಪ ಊಟಕ್ಕೆಂದು ಮನೆಗೆ ಹೊರಟಿದ್ದರು. ಮುಖ್ಯರಸ್ತೆಯಿಂದ ಎಡಕ್ಕೆ ತಿರುಗಿದರೆ ನಮ್ಮ ಓಣಿ. ಹಿಂದಿನಿಂದ ಎಡಮಗ್ಗುಲಲ್ಲಿ ಪಿಂ ಪಿಂ ಎಂದು ಚಿಕ್ಕ ಹಾರ್ನು ಕೇಳಿತು. ಅದು ಕಸ್ತೂರೆವ್ವನ ಗಾಡಿ. ಡಬ್ಬಿ ಮುಟ್ಟಿಸಿ ಆಕೆಯೂ ಅದೇ ಓಣಿಗೆ ಬರುತ್ತಿದ್ದಳು. ನನ್ನನ್ನು ಒಂದು ಬೆರಳಿನಿಂದ ತೆರೆದಿದ್ದರೆ ಸಾಕಿತ್ತು, ಆಕೆಯ ಹಸಿರು ಸೀರೆ, ಹೆಲ್ಮೆಟ್ಟು, ಕಾಲ ಬಳಿಯ ಡಬ್ಬಿ ಎಲ್ಲ ತೋರಿಸುತ್ತಿದ್ದೆ. ಗುರುಶಾಂತಪ್ಪ ಇಂಡಿಕೇಟರ್ ಹಾಕಲಿಲ್ಲ, ಎಡಕ್ಕೆ ತಿರುಗಿಯೂ ನೋಡಲಿಲ್ಲ, ಸರ್ರನೆ ಸ್ಟೇರಿಂಗ್ ಎಳೆದರು. ಸ್ಕೂಟರು ನನ್ನ ಕೆಳಗಿನ ಬಾಗಿಲಿಗೆ ಬಡಿದು ಬಿತ್ತು. ಖಾಲಿ ಡಬ್ಬಿಗಳು ರಸ್ತೆಯ ತುಂಬ ಉರುಳಿದವು.

ಇಳಿದವರೇ ಬಾಯಿ ಮಾಡುತ್ತಲೇ ಬಂದರು. ಎಡಗಡೆ ನುಗ್ಗುವವರಿಗೆ ಕಣ್ಣು ಕಾಣುವುದಿಲ್ಲವೇ, ಲೈಸೆನ್ಸು ಕೊಟ್ಟವರು ಯಾರು ಎಂದು. ಅಷ್ಟರಲ್ಲಿ ಸ್ಕೂಟರಿನ ಕೆಳಗೆ ಕಾಲು ಸಿಕ್ಕಿಕೊಂಡಿದ್ದವಳ ಮುಖ ಕಂಡಿತು. ಅವರೇ ಗಾಡಿ ಎತ್ತಿದರು, ಅವರೇ ಆಸ್ಪತ್ರೆಗೆ ಕರೆದೊಯ್ದರು. ಪಾದದ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿದರು.

ಈಗಲಾದರೂ ಬುದ್ಧಿ ಬಂತು ಎಂದುಕೊಂಡಿರಾ? ಎಲ್ಲಿ ಬರುತ್ತದೆ! ಎರಡು ದಿನ ಮೆತ್ತಗಿದ್ದರು. ಆಮೇಲೆ ನೋಡಲಿಕ್ಕೆ ಬಂದ ನೆಂಟರಿಗೆಲ್ಲ ಸ್ಕೂಟರಿನದೇ ತಪ್ಪು ಎಂದು ವರ್ಣಿಸತೊಡಗಿದರು. ನಾನು ಬ್ಯಾಡಂತ ಬಡಕೊಂಡೆ, ಕೇಳಲಿಲ್ಲ ಎಂದರು. ನೆಂಟರೂ ಹೌದೌದು ಎಂದು ಚಹಾ ಕುಡಿದು ಹೋದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಎಡಕ್ಕೆ ನೋಡಲಾರದೆ ಹೆಂಡತಿಯನ್ನೇ ಡೊಂಕು ಮಾಡಿದರು. ಸ್ಕೂಟರ್ ಮಾರಿಬಿಡುವುದು ಎಂದು ತೀರ್ಮಾನವಾಗಿ, ಕೊಳ್ಳುವವನೂ ಒಬ್ಬ ಬಂದು ಗಾಡಿಯ ಗಾಲಿ ಒತ್ತಿ ನೋಡಿ ಹೋದ. ರೊಟ್ಟಿಯ ಕೆಲಸ ನಿಂತಿತು. ಕಸ್ತೂರೆವ್ವ ಜಗಲಿಯ ಮೇಲೆ ಪ್ಲಾಸ್ಟರಿನ ಕಾಲು ಚಾಚಿ ಸುಮ್ಮನೆ ಕೂತಿರುತ್ತಿದ್ದಳು. ಆಕೆಯ ಕಾಲು ಮುರಿದು, ಆಕೆಯ ಗಾಡಿಯನ್ನೇ ಮಾರುವುದು ಯಾವ ಊರ ನ್ಯಾಯ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ಲಾಸ್ಟರ್ ತೆಗೆಸುವ ದಿನ ಬಂತು. ಗುರುಶಾಂತಪ್ಪ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿ ಒಳಗೆ ಕೂತುಕೊಂಡೇ ಎಡಬಾಗಿಲು ತೆರೆದರು. ಕೂಡು, ಇನ್ನ ಮೊದಲಿನಂಗ ಎಡಕ್ಕ ನೋಡ್ಕೋತ ಇರು ಎಂದರು. ಕಸ್ತೂರೆವ್ವ ಕೂಡಲಿಲ್ಲ. ಬಾಗಿಲು ಹಾಕಿದಳು. ಒಂದು ಕೈಯನ್ನು ಕಾರಿನ ಮೇಲೆ ಊರಿ, ಇನ್ನೊಂದು ಕೈಯಿಂದ ನನ್ನನ್ನು ಹಿಡಿದು ಎಳೆದಳು. ವರ್ಷಗಟ್ಟಲೆ ಮಡಚಿದ್ದ ಸ್ಪ್ರಿಂಗು ತುಕ್ಕು ತಿಂದು ಜಂಗು ಹಿಡಿದಿತ್ತು, ಕರಕರ ಎಂದಿತು. ನಾನು ತೆರೆದುಕೊಂಡೆ. ಓಣಿಯ ಉದ್ದಕ್ಕೂ ಬಾಗಿಲುಗಳು, ನಲ್ಲಿಯ ಮುಂದಿನ ಕೊಡಗಳು, ಬಿಸಿಲಿಗೆ ಮಲಗಿದ್ದ ನಾಯಿ, ದೂರದ ರಸ್ತೆಯಲ್ಲಿ ಹೋಗುವ ಬಸ್ಸು! ಇಷ್ಟೆಲ್ಲ ನನ್ನ ಬೆನ್ನಿಗೇ ಇತ್ತು, ನನಗೆ ನೋಡಲಿಕ್ಕೆ ಬಿಟ್ಟಿರಲಿಲ್ಲ.

"ಕುಂತಲ್ಲಿಂದ ಒಮ್ಮೆ ಇದನ್ನ ನೋಡ್ರಿ," ಎಂದಳು ಕಸ್ತೂರೆವ್ವ.

"ಅದಕ್ಕ ಗೀರು ಬೀಳ್ತಾವ. ನಾ ಮೂವತ್ತು ವರ್ಷ ಗಾಡಿ ಹೊಡದಾಂವ, ನಂಗ ಹೇಳಾಕ ಬರಬ್ಯಾಡ."

"ಮೂವತ್ತು ವರ್ಷನೂ ನಿಮ್ಮ ಎಡಕ್ಕ ಯಾರರ ಒಬ್ರು ಕುಂತು ನೋಡ್ಯಾರ. ಮೊದ್ಲ ಫಕ್ಕೀರಪ್ಪ, ಆಮ್ಯಾಲೆ ನಾ. ಅವತ್ತು ನಾ ಕುಂತಿದ್ದಿಲ್ಲ, ಅದಕ್ಕ ನಂಗ ಹಾಯ್ದ್ರಿ." ಆಕೆಯ ದನಿ ಏರಲಿಲ್ಲ. "ಸ್ಕೂಟರ್ ಮಾರಂಗಿಲ್ಲ. ಇದನ್ನ ಮುಚ್ಚಿದ್ರ ನಾ ಈ ಗಾಡ್ಯಾಗ ಕುಂದ್ರಂಗಿಲ್ಲ."

ಆಕೆ ಕುಂಟುತ್ತ ಹೋಗಿ ಒಂದು ಆಟೋ ನಿಲ್ಲಿಸಿ ಹತ್ತಿಯೇಬಿಟ್ಟಳು. ಓಣಿಯ ಮಂದಿ ನೋಡುತ್ತಿದ್ದರು. ಕಾರು ಇಟ್ಟುಕೊಂಡ ಗಂಡನ ಹೆಂಡತಿ ಆಟೋದಲ್ಲಿ! ಇವರು ಗಾಬರಿಯಿಂದ ಹಿಂದೆಯೇ ಕಾರು ಬಿಟ್ಟರು. ನನ್ನನ್ನು ಮಡಚಲಿಕ್ಕೆ ಇಳಿಯುವಷ್ಟು ಪುರುಸೊತ್ತು ಎಲ್ಲಿತ್ತು? ಹೀಗೆ ನಾನು ಮೊದಲ ಸಲ ಕಣ್ಣು ತೆರೆದು ಹುಬ್ಬಳ್ಳಿ ನೋಡಿದೆ. ಒಂದು ಸಿಗ್ನಲ್ಲಿನಲ್ಲಿ ಗುರುಶಾಂತಪ್ಪ ಕಳ್ಳನಂತೆ ನನ್ನತ್ತ ಒಂದು ನೋಟ ಹಾಯಿಸಿದರು. ಹಾಲಿನ ಕ್ಯಾನಿನ ಬೈಕೊಂದು ಎಡಮಗ್ಗುಲಿಗೆ ಒತ್ತಿ ನಿಂತಿತ್ತು. ತೋರಿಸಿದೆ. ಅವರು ಅಲ್ಲಾಡದೆ ಅದು ಹೋಗುವವರೆಗೆ ಕಾದರು.

ಆಮೇಲೆ ಮಡಚುವ, ತೆರೆಯುವ ಯುದ್ಧ ಕೆಲವು ದಿನ ನಡೆಯಿತು. ಬೆಳಿಗ್ಗೆ ಇವರು ಮಡಚುವರು. ಆಕೆ ರಂಗೋಲಿ ಹಾಕಲಿಕ್ಕೆ ಬಂದವಳು ತೆರೆಯುವಳು, ಮಾತಿಲ್ಲ ಕತೆಯಿಲ್ಲ. ಸ್ಕೂಟರ್ ಕೊಳ್ಳುವವನು ಮತ್ತೆ ಬಂದಾಗ ಆಕೆಯೇ ಬಾಗಿಲಿಗೆ ಹೋಗಿ, ಮಾರೂದಿಲ್ಲಪಾ, ರೊಟ್ಟಿ ಬೇಕಾದ್ರ ಹೇಳು ಎಂದು ಕಳಿಸಿದಳು. ಡಬ್ಬಿಗಳು ಮತ್ತೆ ಹೊರಟವು. ಒಂದು ದಿನ ಮತ್ತೆ ಅದೇ ತಿರುವು, ಅದೇ ಪಿಂ ಪಿಂ. ಕಸ್ತೂರೆವ್ವ ನನ್ನ ಗಾಜಿನೊಳಗೆ ಹಸಿರು ಸೀರೆಯಲ್ಲಿ ಬಂದಳು. ಗುರುಶಾಂತಪ್ಪ ನೋಡಿದರು. ಬ್ರೇಕು ಒತ್ತಿ ನಿಂತರು. ಆಕೆ ಅವರತ್ತ ತಿರುಗಿಯೂ ನೋಡದೆ ಓಣಿಯೊಳಗೆ ಹೋದಳು. ಅವರು ಆಮೇಲೆ ಇಂಡಿಕೇಟರ್ ಹಾಕಿದರು. ತಿರುಗುವಾಗ ಹಿಂದೆ ಯಾರೂ ಇರಲಿಲ್ಲ.

ಅವರು ಹೆದರಿದ್ದೂ ಸುಳ್ಳಾಗಲಿಲ್ಲ, ಅದನ್ನೂ ಹೇಳಬೇಕು. ಸರಕು ತುಂಬಿದ ಆಟೋ ಒಂದು ಓಣಿಯಲ್ಲಿ ನುಗ್ಗಿ ನನ್ನನ್ನು ಉಜ್ಜಿಕೊಂಡು ಹೋಯಿತು. ಜಂಗು ಹಿಡಿದ ಸ್ಪ್ರಿಂಗು ಆ ಹೊಡೆತಕ್ಕೆ ತಟ್ಟನೆ ಮಡಚಲಿಲ್ಲ. ಗಾಜು ಒಡೆಯಿತು, ಬುಡ ಕಿತ್ತಿತು. ಗುರುಶಾಂತಪ್ಪನವರಿಗೆ ಸಿಟ್ಟಿಗಿಂತ ಖುಷಿಯೇ ಹೆಚ್ಚಾಯಿತು. ವೈರಿನಿಂದ ಜೋತಾಡುತ್ತಿದ್ದ ನನ್ನನ್ನು ಬಿಚ್ಚಿ ಒಳಗೆ ಒಯ್ದು, ನೋಡು, ನಾ ಹೇಳಿದ್ದು ಖರೆ ಆತೋ ಇಲ್ಲೋ ಎಂದು ಹೆಂಡತಿಯ ಮುಂದೆ ಹಿಡಿದರು.

ಕಸ್ತೂರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಈ ಸಲ ಒಡದದ್ದು ಕನ್ನಡಿ. ಹೋದ ಸಲ ಮುರದದ್ದು ನನ್ನ ಕಾಲು. ಯಾವ್ದು ಚಲೋ, ನೀವ ಹೇಳ್ರಿ."

ಅವರು ನನ್ನನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಗ್ಯಾರೇಜಿಗೆ ಕಾರು ಬಿಟ್ಟರು.

ಈಗ ನಾನು ದಾದಾಪೀರನ ಗ್ಯಾರೇಜಿನ ಹಲಗೆಯ ಮೇಲೆ ಇದ್ದೇನೆ. ಪಕ್ಕದಲ್ಲಿ ಒಂದು ಬುಟ್ಟಿ ತುಂಬ ಗುಜರಿಗೆ ಬಂದ ಕಾರುಗಳ ಎಡಗನ್ನಡಿಗಳು. ಒಂದಕ್ಕೂ ಗೀರಿಲ್ಲ, ಫಳಫಳ ಹೊಳೆಯುತ್ತವೆ. ಅವುಗಳ ಕಾರುಗಳು ನಜ್ಜುಗುಜ್ಜಾಗಿ ಹೋದವು, ಇವು ಮಾತ್ರ ಮಡಚಿದ್ದಲ್ಲೇ ಹಾಗೇ ಉಳಿದವು. ಯಾಕೆ ಎಂದು ಕೇಳಬೇಡಿ, ನನಗೆ ಮತ್ತೆ ಸಿಟ್ಟು ಬರುತ್ತದೆ. ಅವುಗಳ ನಡುವೆ ಮೈಯೆಲ್ಲ ಬಿರುಕು ಬಿಟ್ಟವನು ನಾನೊಬ್ಬನೇ. ಕೆಲಸ ಮಾಡುತ್ತ ಒಡೆದವನು ಎಂಬ ಸೊಕ್ಕು ನನಗಿದೆ, ಇರಲಿ ಬಿಡಿ.

ನನ್ನ ಜಾಗಕ್ಕೆ ಹೊಸ ಕನ್ನಡಿ ಹಾಕಿದ ದಿನ ನಾನು ಇಲ್ಲಿಂದಲೇ ನೋಡುತ್ತಿದ್ದೆ. ದಾದಾಪೀರ ಸ್ಕ್ರೂ ಬಿಗಿದು, ಗಾಜು ಒರೆಸಿ, ಎಲ್ಲ ಗಿರಾಕಿಗಳಿಗೂ ಮಾಡುವಂತೆ ಅದನ್ನು ಮಡಚಿ ಕೊಟ್ಟ. ಗುರುಶಾಂತಪ್ಪ ಕಾರು ಹತ್ತಿದರು. ಕೀಲಿ ತಿರುವಿದರು. ಮತ್ತೆ ಎಂಜಿನ್ ಬಂದ್ ಮಾಡಿದರು. ಇಳಿದು ಸುತ್ತು ಹಾಕಿಕೊಂಡು ಬಂದು ತಾವೇ ಅದನ್ನು ಬಿಡಿಸಿದರು.

"ಮುಚ್ಚಬ್ಯಾಡಪಾ," ಎಂದರು ದಾದಾಪೀರನಿಗೆ. "ಮನಿಯಾಕಿ ಬೈತಾಳ."

ಬೈಯುತ್ತಾಳಂತೆ! ಈ ಮನುಷ್ಯನ ಬಾಯಿಂದ ತಪ್ಪಾಯಿತು ಎಂಬ ಮಾತು ಈ ಜನ್ಮಕ್ಕೆ ಬರುವುದಿಲ್ಲ. ಆದರೆ ಗ್ಯಾರೇಜಿನಿಂದ ಹೊರಗೆ ರಸ್ತೆಗೆ ಇಳಿಯುವ ಮುಂಚೆ ಅವರು ಕತ್ತು ಹೊರಳಿಸಿ ಎಡಗಡೆಗೆ ನೋಡಿದ್ದನ್ನು ನಾನು ಈ ಒಡೆದ ಗಾಜಿನಲ್ಲೇ ಕಂಡೆ.