ಗಿರಿಯಣ್ಣ ಕಟ್ಟಿದ ಕಾರು

ಆ ಮರದ ತುಂಡು ಒಂದು ಸಾಬೂನಿನ ಬಿಲ್ಲೆಗಿಂತ ದೊಡ್ಡದೇನೂ ಇರಲಿಲ್ಲ. ಬಸ್ಸಿನ ಆಕ್ಸಿಲರೇಟರ್ ಪೆಡಲಿನ ಕೆಳಗೆ ಅದನ್ನು ಎರಡು ಮೊಳೆ ಹೊಡೆದು ಕೂರಿಸಿದ್ದರು. ಡ್ರೈವರು ಎಷ್ಟೇ ತುಳಿದರೂ ಪೆಡಲು ಹೋಗಿ ಆ ತುಂಡಿನ ಮೇಲೆ ಕೂರುತ್ತಿತ್ತು. ಬಸ್ಸು ಗಂಟೆಗೆ ಮೂವತ್ತೈದು ಮೈಲಿ ದಾಟುತ್ತಿರಲಿಲ್ಲ. ಡೀಸೆಲ್ ಉಳಿಯಬೇಕು, ಟೈರು ಬಾಳಬೇಕು ಎಂಬುದು ನಮ್ಮ ಸಾಹುಕಾರರ ಆಸೆ. ಮೂಡಲಗಿರಿಯಪ್ಪನವರ ಬಲಗಾಲು ಇಪ್ಪತ್ತೊಂಬತ್ತು ವರ್ಷ ಆ ತುಂಡಿನ ಮೇಲೆ ಕೂತಿತ್ತು. ಅದರಲ್ಲಿ ಇಪ್ಪತ್ತೆರಡು ವರ್ಷ ಅವರ ಬೆನ್ನ ಹಿಂದೆ ಟಿಕೆಟ್ ಹರಿಯುತ್ತ ನಿಂತಿದ್ದ ಕಂಡಕ್ಟರು ನಾನು.

ನಾನು ಅವರನ್ನು ಗಿರಿಯಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮನೆಯ ಹಬ್ಬದೂಟಕ್ಕೆ ಕರೆಯುವಾಗಲೂ 'ಕಂಡಕ್ಟ್ರೇ' ಎಂದೇ. ಲಾರಿಯವರು ನಮ್ಮ ಬಸ್ಸನ್ನು ಹಿಂದೆ ಹಾಕಿ ಕೈಬೀಸಿ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಅವರು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ನಾನು 'ರೈಟ್' ಎಂದರೆ ಹೊರಡುವರು, 'ಹೋಲ್ಡಾನ್' ಎಂದರೆ ನಿಲ್ಲುವರು. ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಬೇರೆ ಡ್ರೈವರುಗಳು ಕಂಡಕ್ಟರ್ ಕೂಗಿದರೂ ಒಮ್ಮೆ ಕತ್ತು ಹೊರಹಾಕಿ ನೋಡದೆ ಇರುತ್ತಿರಲಿಲ್ಲ. ಗಿರಿಯಣ್ಣ ನೋಡುತ್ತಿರಲಿಲ್ಲ. ಒಮ್ಮೆ ತಡೆಗೋಡೆಯಿಲ್ಲದ ಮೋರಿಯ ಮೇಲೆ ನಾನು 'ಬರ್ಲಿ, ಬರ್ಲಿ' ಎಂದು ಕೂಗುತ್ತ ಹೋದೆ. ನಲವತ್ತು ಜನ ತುಂಬಿದ್ದ ಬಸ್ಸನ್ನು ಅವರು ನನ್ನ ಮಾತಿನ ಮೇಲೆ ಅಂಚಿಗೆ ಒಂದು ಗೇಣು ಉಳಿಯುವವರೆಗೆ ಹಿಂದಕ್ಕೆ ತಂದರು. ಆ ದಿನದ ಹೆಮ್ಮೆ ಇನ್ನೂ ನನ್ನಲ್ಲಿದೆ.

ಇಂಥವರು ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗಲೇ ಒಂದು ಮಧ್ಯಾಹ್ನ ಸಾಹುಕಾರರ ಮೇಜಿನ ಮೇಲೆ ಬೀಗದ ಕೈ ಇಟ್ಟು ಮನೆಗೆ ಹೋದರು. ಹೋಗುವಾಗ ಪೆಡಲಿನ ಕೆಳಗಿನ ಆ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ಸಾಹುಕಾರರ ಜೊತೆ ಮಾತಿಗೆ ಮಾತು ಬೆಳೆದಿರಬೇಕು ಎಂದು ಎಲ್ಲರೂ ಅಂದುಕೊಂಡೆವು. ನನಗೂ ಒಂದು ಮಾತು ಹೇಳಲಿಲ್ಲವಲ್ಲ ಎಂದು ನಾನು ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದೆ.

ಕೊನೆಗೆ ತಡೆಯಲಾರದೆ ವಾರದ ರಜೆಯಲ್ಲಿ ಅವರ ಮನೆಗೆ ಹೋದೆ. ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ತೀರಿಕೊಂಡ ನಮ್ಮೂರ ಡಾಕ್ಟರ ಹಳೆಯ ಕರಿ ಕಾರು ನಿಂತಿತ್ತು. ಹುಣಸೆ ಮರದಡಿ ನಿಂತು, ಒಳಗೆ ಕೋಳಿ ಮೊಟ್ಟೆಯಿಡುತ್ತಿದ್ದ ಗಾಡಿ ಅದು. ಒಯ್ದರೆ ಸಾಕು ಎಂದು ಡಾಕ್ಟರ ಮನೆಯವರು ಕೊಟ್ಟಿದ್ದರು. ಉರುಳದಂತೆ ಅದರ ಚಕ್ರಕ್ಕೆ ಆನಿಸಿದ್ದದ್ದು ನಮ್ಮ ಬಸ್ಸಿನ ಅದೇ ಮರದ ತುಂಡು. ಗಿರಿಯಣ್ಣ ಕಾರಿನ ಮೇಲೆ ಕೂತು ಗರಗಸದಿಂದ ಅದರ ಚಾವಣಿಯನ್ನು ಕೊಯ್ಯುತ್ತಿದ್ದರು.

"ಇದೇನಣ್ಣ, ಡಾಕ್ಟ್ರ ತಿಥಿ ಮುಗೀತು ಅಂತ ಅವ್ರ ಕಾರಿಗೂ ತಿಥಿ ಮಾಡ್ತಾ ಇದ್ದೀರಾ?" ಎಂದೆ.

ಅವರು ಇಳಿದು ಬಂದು, ಲೈಸೆನ್ಸಿನ ಮಡಿಕೆಯಿಂದ ಒಂದು ಎಣ್ಣೆ ಹಿಡಿದ ಹಾಳೆ ತೆಗೆದು ಕೊಟ್ಟರು. ಯಾವತ್ತೋ ಬೋಂಡಾ ಕಟ್ಟಿಕೊಟ್ಟಿದ್ದ ಪರದೇಶದ ಪತ್ರಿಕೆಯ ಹಾಳೆ. ಅದರಲ್ಲೊಂದು ವಿಚಿತ್ರ ಕಾರು: ಚಾವಣಿಯಿಲ್ಲ, ಮಡ್‌ಗಾರ್ಡಿಲ್ಲ, ಇಂಜಿನ್ ಬಟಾಬಯಲು, ಹಿಂದೆ ಎರಡು ದಪ್ಪ ಚಕ್ರ. ಪಕ್ಕದಲ್ಲಿ ಮೈತುಂಬ ಗ್ರೀಸು ಬಳಿದುಕೊಂಡ ಒಬ್ಬ ಮನುಷ್ಯ ತನ್ನ ಮನೆಯ ಕೊಟ್ಟಿಗೆಯ ಮುಂದೆ ನಗುತ್ತಿದ್ದ. ಹಳೆಯ ಕಾರನ್ನು ಅವನೇ ಕೈಯಾರೆ ಹೀಗೆ ಮಾಡಿದ್ದಾನೆ ಎಂದು ನೋಡಿದರೇ ತಿಳಿಯುತ್ತಿತ್ತು.

"ಒಂದೇ ಒಂದ್ಸಲ, ಕಂಡಕ್ಟ್ರೇ. ಕಾಲಿಗೆ ಏನೂ ಅಡ್ಡ ಸಿಗ್ದಂಗೆ ಪೂರ್ತಿ ತುಳೀಬೇಕು. ಕೆರೆ ಒಣಗಿ ಅಂಗಳ ಸಪಾಟಾಗಿದೆ. ಮಳೆ ಬೀಳೋದ್ರೊಳಗೆ ಆಗ್ಬೇಕು."

"ಮುಂದಿನ ಬೇಸಿಗೇಲೂ ಕೆರೆ ಒಣಗುತ್ತಲ್ಲಣ್ಣ, ಏನು ಅವಸರ?"

ಅವರು ಮತ್ತೆ ಗರಗಸ ಹಿಡಿದರು.

ಆಮೇಲಿನ ನನ್ನ ರಜೆಗಳೆಲ್ಲ ಆ ಹಿತ್ತಿಲಿನಲ್ಲೇ ಕಳೆದವು. ಕೊಯ್ದ ಚಾವಣಿ ಅವರ ಹೆಂಡತಿ ಓಬಳಮ್ಮನವರ ಕೋಳಿಗೂಡಿಗೆ ಹೊದಿಕೆಯಾಯಿತು. ಬಾಗಿಲು, ಬಂಪರು, ಹಿಂದಿನ ಸೀಟು ಒಂದೊಂದಾಗಿ ಇಳಿದು ಬೇಲಿಗೆ ಒರಗಿದವು. ಭಾರ ಕಡಿಮೆಯಾದಷ್ಟೂ ಓಟ ಹೆಚ್ಚು ಎಂದು ಗಿರಿಯಣ್ಣ ವಿವರಿಸುವರು. ಇಂಜಿನ್ನಿನ ತಲೆಯನ್ನು ಲೇತಿಗೆ ಕೊಟ್ಟು ಕೂದಲೆಳೆಯಷ್ಟು ಸವೆಸಿ ತಂದರು. ಪೆಟ್ರೋಲಿಗೆ ಗಾಳಿ ಬೆರೆಸುವ, ಒಂದೇ ಇದ್ದ ಕಾರ್ಬೊರೇಟರಿನ ಜೊತೆಗೆ ಹಳೆಯ ಜೀಪಿನ ಇನ್ನೊಂದನ್ನು ಸೇರಿಸಿದರು. ಸಂದಿಲ್ಲದೆ ಕೂರಲೆಂದು ವಾಲ್ವುಗಳನ್ನು ಅರೆಯಲು ಕೂತರೆಂದರೆ, ಅದಕ್ಕೆ ಸಿಕ್ಕಿಸಿದ ಕಡ್ಡಿಯನ್ನು ಎರಡು ಅಂಗೈ ನಡುವೆ ಹಿಡಿದು ಮಜ್ಜಿಗೆ ಕಡೆದ ಹಾಗೆ ಗಂಟೆಗಟ್ಟಲೆ ತಿರುಗಿಸುತ್ತಿದ್ದರು. ಆಮೇಲೆ ಬೆರಳಿನ ತುದಿಯಿಂದ ಅಂಚನ್ನು ಸವರಿ, "ಇನ್ನೂ ಕಚ್ತಾ ಇಲ್ಲ" ಎಂದು ಮತ್ತೆ ಶುರು. ಕಿಡಿ ಹಾರುವ ಜಾಗದಲ್ಲಿ ಎಷ್ಟು ಸಂದು ಬಿಡಬೇಕೆಂದು ನೋಡಲು ನನ್ನ ಟಿಕೆಟ್ ಒಂದನ್ನು ನಾಲ್ಕು ಪದರ ಮಡಿಸಿ ತೂರಿಸಿದರು. ಸರಿಯಾಗಿ ಹಿಡಿಯಿತು. ರಾಶಿ ಬಿದ್ದ ನಟ್ಟುಗಳಲ್ಲಿ ಕೈಯಾಡಿಸಿ ಬೇಕಾದದ್ದನ್ನೇ ಎತ್ತುತ್ತಿದ್ದರು. ಅದೆಲ್ಲ ನುರಿತ ಕೈಯ ಚಳಕ ಎಂದು ನಾನು ಬೆರಗಾಗಿ ನೋಡುತ್ತಿದ್ದೆ. ಚಳಕವೂ ಹೌದು, ಅದರಲ್ಲಿ ಎರಡು ಮಾತಿಲ್ಲ.

ಊರಿನವರು ಬೇಲಿಯಾಚೆ ನಿಂತು ನಗುತ್ತಿದ್ದರು. ಚರ್ಮ ಸುಲಿದ ಕುರಿ ಎಂದು ಕಾರಿಗೆ ಹೆಸರಿಟ್ಟರು. ಆದರೆ ಮೊದಲ ಸಲ ಇಂಜಿನ್ ಹತ್ತಿಕೊಂಡ ದಿನ ನಕ್ಕವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಅಂಥ ಸದ್ದನ್ನು ನಮ್ಮ ಊರು ಕೇಳಿರಲಿಲ್ಲ. ನನಗಂತೂ ಮೈ ಜುಮ್ಮೆಂದು ಕಣ್ಣಲ್ಲಿ ನೀರು ಬಂತು.

ಚೈತ್ರ ಕಳೆಯುವ ಹೊತ್ತಿಗೆ ಉಳಿದಿದ್ದದ್ದು ಬಣ್ಣವೊಂದೇ. ಆ ವಾರ ನಾನು ಹೋದಾಗ ಗಿರಿಯಣ್ಣ ಬ್ರಷ್ ಹಿಡಿದು ಕೊನೆಯ ಗೆರೆ ಎಳೆಯುತ್ತಿದ್ದರು. ಕಾರಿನ ಎಡಭಾಗ ಕೆಂಪು, ಬಲಭಾಗ ಹಸಿರು. ನಾನು ಬಿದ್ದು ಬಿದ್ದು ನಕ್ಕೆ.

"ಏನಣ್ಣ ಇದು, ಚುನಾವಣೆಗೆ ನಿಲ್ತೀರಾ?"

ಅವರು ಬ್ರಷ್ಷನ್ನು ಹಾಗೇ ಹಿಡಿದು ನನ್ನ ಕಡೆ ತಿರುಗಿದರು. "ಯಾಕೆ? ಕೆಂಪು ಸರಿಯಾಗಿ ಹತ್ತಿಲ್ವಾ?"

ನಾನು ನಗು ನಿಲ್ಲಿಸಿ ಕೆಳಗೆ ನೋಡಿದೆ. ಕಾಲಬಳಿ ಎರಡು ಡಬ್ಬಗಳಿದ್ದವು. ಒಂದು ಹೊಸದು, ಕೆಂಪು. ಇನ್ನೊಂದು, ಹೋದ ವರ್ಷ ಅವರೇ ಮನೆಯ ಕಿಟಕಿಗೆ ಬಳಿದು ಉಳಿಸಿದ್ದ ಹಸಿರು.

"ಬಲಗಡೆ ಹಸಿರಿದೆಯಣ್ಣ," ಎಂದೆ.

ಅವರು ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತರು. "ಕಣ್ಣಿನ ನರ ಒಣಗ್ತಾ ಇದೆಯಂತೆ. ಮೊದ್ಲು ಬಣ್ಣ ಹೋಗುತ್ತೆ, ಆಮೇಲೆ ಮಿಕ್ಕಿದ್ದು ಅಂದ್ರು ಆಸ್ಪತ್ರೆಯೋರು. ಕಣ್ಣು ಈ ಮಳೆಗಾಲ ದಾಟೋದು ಕಷ್ಟ. ಗೊತ್ತಾದ ದಿವಸವೇ ಬೀಗದ ಕೈ ಕೊಟ್ಟು ಬಂದೆ. ಜನ ತುಂಬ್ಕೊಂಡು ಹೋಗೋ ಗಾಡಿ ಅಲ್ವಾ."

ಅವರು ಕೆಲಸ ಬಿಟ್ಟದ್ದೇಕೆ ಎಂದು ನನಗೆ ಆಗ ತಿಳಿಯಿತು. ಮುಖ ಊದಿಸಿಕೊಂಡು ಕಳೆದ ಆ ತಿಂಗಳುಗಳನ್ನು ನೆನೆದು ನಾಚಿಕೆಯಾಯಿತು. ಆದರೂ ನಾಲಿಗೆ ಸುಮ್ಮನಿರಲಿಲ್ಲ. ಕೆರೆಯಂಗಳದ ಮಾತು ಇನ್ನು ಎತ್ತಬೇಡಿ, ಕಣ್ಣು ಕಾಣದೆ ಕಾರು ಓಡಿಸುವುದು ಹುಡುಗಾಟವೇ ಎಂದು ರೇಗಿದೆ.

"ಮಬ್ಬು ಮಬ್ಬಾಗಿ ಕಾಣುತ್ತೆ," ಎಂದರು ಅವರು. "ಹಿಂದೆ ನೀವು ಕೂತ್ರೆ ಅಷ್ಟು ಸಾಕು. ನೀವು ಬರಲ್ಲ ಅಂದ್ರೆ ನಾನು ಕೂರಲ್ಲ."

ಹಿತ್ತಿಲ ಬಾಗಿಲಲ್ಲಿ ಕೂತಿದ್ದ ಓಬಳಮ್ಮನವರ ಕಡೆ ನೋಡಿದೆ. ಅವರಾದರೂ ತಡೆಯಲಿ ಎಂಬ ಆಸೆ. ಅವರು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು, "ಕರ್ಕೊಂಡು ಹೋಗಿ ತಮ್ಮ," ಎಂದರು. "ಇಷ್ಟು ವರ್ಷದಲ್ಲಿ ಅವರು ಬಾಯ್ಬಿಟ್ಟು ಕೇಳಿರೋದು ಇದೊಂದೇ. ಅಂಗಳದಲ್ಲಿ ಹಳ್ಳ ಗುಂಡಿ ಇದ್ರೆ ಮೊದ್ಲು ಮುಚ್ಚಿ, ಅಷ್ಟೇ."

ಮುಚ್ಚಿದೆವು. ನಾಲ್ಕು ದಿನ ರಜೆ ಹಾಕಿ, ಗುದ್ದಲಿ ಹಿಡಿದು, ಒಂದೂವರೆ ಮೈಲಿ ಉದ್ದದ ಅಂಗಳವನ್ನು ಅಂಗುಲ ಅಂಗುಲ ತಡಕಿದೆವು. ಎರಡೂ ಬದಿಗೆ ಬಿಳಿ ಬಟ್ಟೆ ಕಟ್ಟಿದ ಗೂಟ ನೆಟ್ಟೆವು. ನಿಲ್ಲಬೇಕಾದ ಕಡೆ ಸುಣ್ಣದ ಗೆರೆ ಎಳೆದು, ಅದರಾಚೆ ನಾಲ್ಕು ಫರ್ಲಾಂಗು ಬರಿ ಬಯಲು ಬಿಟ್ಟೆವು. ಐದನೆಯ ದಿನ ಬೆಳಿಗ್ಗೆ, ನಾನು ಮುಂದೆ ನಡೆಯುತ್ತ ದಾರಿ ಹೇಳಿದೆ, ಅವರು ಹಿಂದೆ ಕಾರನ್ನು ಇರುವೆಯಂತೆ ಕೆರೆಗೆ ತಂದರು. ಓಬಳಮ್ಮ ಏರಿಯ ಮೇಲೆ ನಿಂತರು.

ಬಸ್ಸಿನ ಹಳೆಯ ಸೀಟೊಂದನ್ನು ಅವರು ತಮ್ಮ ಬೆನ್ನ ಹಿಂದೆಯೇ ನನಗಾಗಿ ಕೂರಿಸಿದ್ದರು. ಇಂಜಿನ್ನಿನ ಆರ್ಭಟಕ್ಕೆ ಮಾತು ಕೇಳದೇ ಹೋದೀತೆಂದು ನಾನು ಎರಡೂ ಕೈಗಳನ್ನು ಅವರ ಹೆಗಲ ಮೇಲಿಟ್ಟೆ. ಕಿವಿಯ ಹತ್ತಿರ ಬಾಯಿ ತಂದು, "ರೈಟ್!" ಎಂದೆ.

ಮೊದಲ ಏಟಿಗೇ ನನ್ನ ಬೆನ್ನು ಸೀಟಿಗೆ ಅಂಟಿತು. ಗೂಟಗಳು ಒಂದೊಂದಾಗಿ ಬರುತ್ತಿದ್ದವು, ಆಮೇಲೆ ಬೇಲಿಯ ಹಾಗೆ ಒಟ್ಟಿಗೇ ಓಡತೊಡಗಿದವು. "ಬರ್ಲಿ, ಬರ್ಲಿ, ಚೂರು ಎಡಕ್ಕೆ, ಬರ್ಲಿ!" ಎಂದು ನಾನು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಹೆಗಲ ಮೇಲೆ ಒಂದು ಬೆರಳು ಒತ್ತಿದರೆ ಸಾಕು, ಕಾರು ಅಷ್ಟೇ ವಾಲುತ್ತಿತ್ತು.

"ಎಷ್ಟು?" ಎಂದು ಕೂಗಿದರು.

"ಐವತ್ತು! ಅರವತ್ತೈದು! ಎಂಬತ್ತು! ಮೀಟರಿನ ಮುಳ್ಳಿಗೆ ಮುಂದೆ ಜಾಗ ಇಲ್ಲಣ್ಣ!"

"ಮುಳ್ಳಿಗೆ ಇಲ್ದಿದ್ರೆ ಬಿಡಿ, ಕಾಲಿಗಿದೆ!" ಎಂದು ಇನ್ನೂ ತುಳಿದರು.

ಸುಣ್ಣದ ಗೆರೆ ದೂರದಲ್ಲಿ ಕಂಡಿತು. ದಿನಕ್ಕೆ ನೂರು ಸಲ ಹೇಳಿ ಹೇಳಿ ಸವೆದಿದ್ದ 'ಹೋಲ್ಡಾನ್' ಎಂಬ ಆ ಒಂದು ಪದ ಅಂದು ನನ್ನ ಬಾಯಿಂದ ಹೊರಡಲಿಲ್ಲ. ಅದನ್ನು ಹೇಳಿದರೆ ಅವರು ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಮತ್ತೆಂದೂ ಓಡಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೆರೆ ಕಾಲಡಿ ಹಾದುಹೋಯಿತು. ಗಾಬರಿಗೆ ನನ್ನ ಬೆರಳುಗಳು ಅವರ ಹೆಗಲನ್ನು ಬಿಗಿಯಾಗಿ ಹಿಡಿದವು. ನಾನು ಬಾಯಿ ತೆರೆಯುವ ಮುಂಚೆಯೇ ಅವರ ಕಾಲು ಬ್ರೇಕಿನ ಮೇಲಿತ್ತು. ಒಂದಿಷ್ಟೂ ಎಳೆದಾಡದೆ, ಮದುವೆಯ ದಿಬ್ಬಣ ಇಳಿಸುವಷ್ಟು ನಯವಾಗಿ ಕಾರು ನಿಂತಿತು.

ಅವರು ಇಂಜಿನ್ ಆರಿಸಿದರು.

"ಕಾಲು ನೆಲ ಮುಟ್ತು, ಕಂಡಕ್ಟ್ರೇ," ಎಂದರು. ಮುಖವೆಲ್ಲ ಧೂಳು, ಕೆನ್ನೆಯ ಮೇಲೆ ಎರಡು ಒದ್ದೆ ಗೆರೆ. ಗಾಳಿಗೋ ಏನೋ. ಅಷ್ಟು ಸಂತೋಷಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಈವರೆಗೆ ನೋಡಿಲ್ಲ.

ಆಮೇಲೆ ಇಳಿದು, ಬಿಸಿ ಇಂಜಿನ್ನಿನ ಸುತ್ತ ಕೈ ಸವರುತ್ತ ಒಂದು ಸುತ್ತು ಬಂದು, ನನ್ನ ಸೀಟಿನ ಪಕ್ಕ ನಿಂತರು. "ಏಳಿ. ಮುಂದೆ ಹೋಗಿ ಕೂತ್ಕೊಳ್ಳಿ."

"ನಂಗೆ ಓಡ್ಸೋಕೆ ಬರಲ್ವಲ್ಲಣ್ಣ!"

"ನಾನಿನ್ನು ಹಿಡಿಯಲ್ಲ. ಇಪ್ಪತ್ತೆರಡು ವರ್ಷ ನಿಮ್ಮ ಮಾತು ಕೇಳಿ ಓಡ್ಸಿದ್ದೀನಿ. ಇವತ್ತೊಂದಿನ ನನ್ನ ಮಾತು ಕೇಳಿ ನೀವು ಓಡ್ಸಿ."

ಮೂರು ಸಲ ಕಾರು ಕುಪ್ಪಳಿಸಿ ಸತ್ತುಹೋಯಿತು. ಹಿಂದಿನಿಂದ ಅವರು ಇಂಜಿನ್ನಿನ ಸದ್ದು ಕೇಳುತ್ತ, "ಕ್ಲಚ್ಚು ಮೆಲ್ಲಗೆ ಬಿಡಿ, ಇನ್ನೂ ಮೆಲ್ಲಗೆ, ಹಾಂ, ಈಗ ಆಕ್ಸಿಲರೇಟರ್ ತುಳೀರಿ" ಎಂದು ಹೇಳುತ್ತಿದ್ದರು. ನಾಲ್ಕನೆಯ ಸಲ ಅದು ಕದಲಿತು. ಎರಡನೆಯ ಗೇರಿಗೆ ಹೋಗುವ ಧೈರ್ಯ ನನಗಾಗಲಿಲ್ಲ, ಅವರೂ ಹೇಳಲಿಲ್ಲ.

ಏರಿಯಿಂದ ಓಬಳಮ್ಮ ಇಳಿದು ಬಂದರು. ಸ್ಟೇರಿಂಗಿನ ಮುಂದೆ ನನ್ನನ್ನು ಕಂಡು ಒಂದು ಕ್ಷಣ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಅಂಚಿನ ಮೇಲಿದ್ದ ಗಂಡನ ಕೈಯ ಮೇಲೆ ತಮ್ಮ ಕೈಯಿಟ್ಟು, ಊರಿನಲ್ಲೇ ಅತಿ ವೇಗದ ಆ ಕಾರಿನ ಪಕ್ಕದಲ್ಲಿ ಮನೆಯವರೆಗೂ ನಡೆದುಕೊಂಡೇ ಬಂದರು.