ಆಮೇಲೆ ಕೂರಿಸಿದ ಅಗುಳಿ

"ನಿನ್ನ ಪೆಟ್ಟಿಗೆಗೆ ಒಂದು ಗೀರೂ ಬಿದ್ದಿಲ್ಲ ಕಣೇ, ಮುರಿದದ್ದು ನನ್ನ ಕೈ ಮಾತ್ರ!" ಎಂದು ನಗುತ್ತ ಗೊಂಬೆ ಆಡಿಸುವ ವುಕಾಶಿನ್ ಎಡಗೈಯಿಂದ ಆ ಪ್ಲೈವುಡ್ ಪೆಟ್ಟಿಗೆಯನ್ನು ತಟ್ಟಿದ. ಬಲಗೈ ಬೆರಳ ತುದಿಯವರೆಗೂ ಪ್ಲಾಸ್ಟರಿನಲ್ಲಿತ್ತು. ಆ ಬೆರಳುಗಳು ಮತ್ತೆ ಗೊಂಬೆಯ ದಾರ ಹಿಡಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು.

ದೆಸಾಂಕಾ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಹಲಗೆಯನ್ನು ಉಜ್ಜುತ್ತಲೇ ಇದ್ದಳು.

ಸರ್ಬಿಯಾದ ಸೊಂಬೋರಿನ ಆಚೆಯ ಊರೊಂದರ ಗೊಂಬೆಯಾಟದ ತಂಡಕ್ಕೆ ಅವಳೇ ಬಡಗಿ. ಗೊಂಬೆಗಳು ಊರೂರು ಸುತ್ತುವುದು ಅವಳು ಮಾಡಿದ ಪೆಟ್ಟಿಗೆಗಳಲ್ಲಿ. ಮೇಲಿನ ಪೆಟ್ಟಿಗೆಯ ತಳದ ಪಟ್ಟಿ ಕೆಳಗಿನದರ ಮುಚ್ಚಳದ ತೋಡಿನಲ್ಲಿ ಇಳಿದು ಕೂರುತ್ತಿತ್ತು. ಆಮೇಲೆ ಎರಡೂ ಬದಿಯ ಮರದ ಅಗುಳಿ ಸರಿಸಿಬಿಟ್ಟರೆ ಇಡೀ ಸಾಲು ಒಂದೇ ಕಪಾಟಿನಂತೆ ಅಲ್ಲಾಡದೆ ನಿಲ್ಲುತ್ತಿತ್ತು. ಕೊನೆಯದೊಂದಕ್ಕೆ ಮಾತ್ರ ಅವಳು ಅಗುಳಿ ಕೂರಿಸಿರಲಿಲ್ಲ. ತಂಡ ಪ್ರವಾಸ ಹೊರಡುವ ದಿನವೇ ತಂಗಿಯ ಮಗುವಿನ ಜ್ಞಾನಸ್ನಾನ, ಚರ್ಚಿಗೆ ಹೊತ್ತಾಗಿತ್ತು. ಎಲ್ಲಕ್ಕಿಂತ ಮೇಲಿನದು ತಾನೆ, ತೋಡೇ ಹಿಡಿದುಕೊಂಡೀತು, ಬಂದು ಹಾಕಿದರಾಯಿತು ಎಂದುಕೊಂಡಳು. ಬರುವಷ್ಟರಲ್ಲಿ ವ್ಯಾನು ಹೊರಟುಹೋಗಿತ್ತು. ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಉಜಿತ್ಸೆಯ ಬೆಟ್ಟದ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಪೆಟ್ಟಿಗೆ ಪೇರಿಸಿ ವ್ಯಾನು ಓಡಿಸುವ ಓಗ್ನೆನ್ ಬ್ರೇಕ್ ಒತ್ತಿದ. ಹಿಂದೆ ಕೂತಿದ್ದ ವುಕಾಶಿನನ ಕೈಮೇಲೆ ಆ ಪೆಟ್ಟಿಗೆ ಬಿತ್ತು. ವ್ಯಾನು ಮರಳಿದ ದಿನ, ಯಾರ ಕಣ್ಣಿಗೂ ಬೀಳುವ ಮೊದಲೇ, ದೆಸಾಂಕಾ ಅದಕ್ಕೆ ಅಗುಳಿ ಕೂರಿಸಿಬಿಟ್ಟಿದ್ದಳು.

"ಎಲ್ಲಾ ಆ ಓಗ್ನೆನನದೇ ತಪ್ಪು," ಎಂದ ವುಕಾಶಿನ್. "ಅಗುಳಿ ಹಾಕೋಕೂ ಬರಲ್ಲ, ಗಾಡಿ ಓಡಿಸೋಕೂ ಬರಲ್ಲ ಅವನಿಗೆ. ನಾಳೆಯಿಂದ ಬರಬೇಡ ಅಂದಿದಾರಂತೆ ಯಜಮಾನ್ರು. ನಾನೂ ಒಳ್ಳೇದಾಯ್ತು ಅಂದೆ."

ದೆಸಾಂಕಾಳ ಕೈ ನಿಂತಿತು.

"ಮಾಮ, ಅದಕ್ಕೆ ಅಗುಳಿ ಇರಲೇ ಇಲ್ಲ."

"ಇದೆಯಲ್ಲೇ, ಕಣ್ಣು ಕಾಣಲ್ವಾ?"

"ಆಮೇಲೆ ಹಾಕಿದ್ದು. ನೀವು ಆಸ್ಪತ್ರೇಲಿದ್ರಿ."

ವುಕಾಶಿನ್ ಹೆಬ್ಬೆರಳಿನಿಂದ ಅಗುಳಿಯನ್ನು ಒಮ್ಮೆ ಸರಿಸಿದ, ಮತ್ತೆ ಹಿಂದಕ್ಕೆ ತಂದ. ಅದು ಬೆಣ್ಣೆಯ ಹಾಗೆ ಜಾರಿತು.

"ನನಗ್ಯಾಕೆ ಹೇಳ್ತೀಯ? ಹೋಗ್ಲಿ ಬಿಡು ಮಗಳೇ ಅನ್ನಲಿ ಅಂತಾನಾ? ಅನ್ನಲ್ಲ. ನನಗೆ ಬೇರೆ ಯಾವ ವಿದ್ಯೇನೂ ಬರಲ್ಲ." ಪೆಟ್ಟಿಗೆಯಿಂದ ಕೈ ತೆಗೆದ. "ಹೋಗು. ಆ ಓಗ್ನೆನನ ಮುಖ ನೋಡಿ ಹೇಳು."

ಅಂಗಳದಲ್ಲಿ ಓಗ್ನೆನ್ ಪೈಪು ಹಿಡಿದು ವ್ಯಾನು ತೊಳೆಯುತ್ತಿದ್ದ. "ಬಾ ಅಕ್ಕ. ಕೀ ಒಪ್ಪಿಸೋ ಮುಂಚೆ ತೊಳೀತಿದೀನಿ, ಹೋಗೋನು ಕೊಳಕು ಬಿಟ್ಟು ಹೋದ ಅನ್ನಬಾರದಲ್ಲ," ಎಂದು ನಗಲು ನೋಡಿದ. "ಅಗುಳಿ ಹಾಕಿದ್ನೋ ಇಲ್ವೋ, ಎಷ್ಟು ಯೋಚಿಸಿದ್ರೂ ನೆನಪೇ ಆಗ್ತಿಲ್ಲ ಅಕ್ಕ. ನನ್ನ ಹೆಂಡತಿ ಕೇಳಿದ್ರೂ ಅದನ್ನೇ ಹೇಳ್ತೀನಿ. ತಲೆ ಕೆಟ್ಟುಹೋಗಿದೆ."

ದೆಸಾಂಕಾ ಹೇಳಿದಳು. ಚರ್ಚಿನದು, ಮಾಡದ ಫೋನಿನದು, ಆಮೇಲೆ ಕೂರಿಸಿದ ಅಗುಳಿಯದು, ಯಾವುದನ್ನೂ ಬಿಡಲಿಲ್ಲ. "ಈಗಲೇ ಒಳಗೆ ಹೋಗಿ ಯಜಮಾನ್ರಿಗೂ ಹೇಳ್ತೀನಿ," ಎಂದಳು.

ಓಗ್ನೆನ್ ಬೈಯಲಿಲ್ಲ. ಅವಳನ್ನೇ ನೋಡುತ್ತ ನಿಂತ. ಕೈ ತಾನಾಗಿ ಕೆಳಗಿಳಿಯಿತು. ಪೈಪಿನ ನೀರು ಕಲ್ಲುಹಾಸಿನ ಮೇಲೆ ಹರಿದು ಬಂದು ದೆಸಾಂಕಾಳ ಬೂಟಿನೊಳಗೆ ಇಳಿಯತೊಡಗಿತು. ಅವಳು ಕಾಲು ತೆಗೆಯಲಿಲ್ಲ.